ತೋಟದ ಲೈನಿಗೆ ಜಾರ್ಖಂಡ್‌ನಿಂದ ಬಂದಿರೋ ಲುಥೆರನ್ ಕುಟುಂಬಗಳು: ಸಭೆ, ಶಾಲೆ, ಸರ್ಟಿಫಿಕೇಟ್ ವಿಷಯ ಗೊತ್ತಿರೋರು ಹೇಳಿ

ಮೂಡಿಗೆರೆ_ಟೀಚರ್:

ಎಲ್ರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಲ್ಲಿ ಒಂದು ಸರ್ಕಾರಿ ಶಾಲೇಲಿ ಗೆಸ್ಟ್ ಟೀಚರ್. ನಮ್ಮನೇಲಿ ಎಲ್ರೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವ್ರು, ಅಪ್ಪ ತೋಟದಲ್ಲಿ ರೈಟ್ರಾಗಿದ್ರು, ಹಂಗಾಗಿ ಲೈನ್ ಮನೆ, ಅಂದ್ರೆ ತೋಟದ ಕೂಲಿಯವರ ಸಾಲು ಮನೆ, ನಂಗೆ ಹೊಸದೇನಲ್ಲ. ಈ ವರ್ಷ ನಮ್ಮ ಶಾಲೆ ಹಿಂದಿನ ತೋಟಕ್ಕೆ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯಿಂದ ಆರು ಕುಟುಂಬ ಬಂದಿದಾವೆ. ಓರಾಂವ್ ಅನ್ನೋ ಆದಿವಾಸಿ ಜನ ಅಂತೆ. ಮಕ್ಕಳು ಒಟ್ಟು ಒಂಬತ್ತು ಇದಾವೆ, ಶಾಲೆಗೆ ಬರ್ತಿರೋದು ಎರಡೇ.

ಯಾಕ್ ಬರ್ತಿಲ್ಲ ಕೇಳೋಣ ಅಂತ ಒಂದಿನ ಸಂಜೆ ಲೈನಿಗೆ ಹೋಗಿದ್ದೆ, ಮಳೆ ಬೇರೆ. ಒಂದು ಅಜ್ಜಿ ಒಲೆ ಮುಂದೆ ಕೂತಿತ್ತು, ನನ್ನ ಕತ್ತಲ್ಲಿದ್ದ ಶಿಲುಬೆ ನೋಡಿದ್ದೇ ಎದ್ದು ಬಂದು ಎರಡೂ ಕೈ ಹಿಡ್ಕೊಂಡು "ಯೀಶು ಸಹಾಯ" ಅಂತು. ನಂಗೆ ಒಂದು ಕ್ಷಣ ಏನ್ ಹೇಳ್ಬೇಕು ಅಂತಾನೇ ತೋಚ್ಲಿಲ್ಲ. ಆಮೇಲೆ ಒಳಗಿಂದ ಒಂದು ಪುಸ್ತಕ ತಂದು ತೋರಿಸ್ತು, ಗೊಬ್ಬರದ ಚೀಲದ ಒಳಗಡೆ ಪ್ಲಾಸ್ಟಿಕ್ ಇರುತ್ತಲ್ಲ ಅದರಲ್ಲಿ ಮೂರು ಸುತ್ತು ಸುತ್ತಿ ದಾರ ಕಟ್ಟಿಟ್ಟಿದ್ದು. ಹಿಂದಿ ಹಾಡಿನ ಪುಸ್ತಕ. ಅದರೊಳಗೆ ಮೊಮ್ಮಕ್ಕಳ ದೀಕ್ಷಾಸ್ನಾನದ ಕಾರ್ಡು, ಗೋಸ್ನರ್ ಎವಾಂಜೆಲಿಕಲ್ ಲುಥೆರನ್ ಚರ್ಚ್ ಅಂತ ಇತ್ತು. ರಜೆ ದಿನ ಬೆಳಿಗ್ಗೆ ಆರೂ ಮನೆಯವ್ರು ಒಂದೇ ರೂಮಲ್ಲಿ ಸೇರಿ ಹಾಡಿ ಪ್ರಾರ್ಥನೆ ಮಾಡ್ತಾರಂತೆ, ಬಂದಾಗಿಂದ ಪಾದ್ರಿ ಮುಖ ನೋಡಿಲ್ಲ, ಕರ್ತನ ಭೋಜನ (ಆರಾಧನೇಲಿ ಪಾದ್ರಿ ಕೊಡೋ ರೊಟ್ಟಿ, ದ್ರಾಕ್ಷಾರಸ) ತಗೊಂಡಿಲ್ಲ ಅಂತ ಹೇಳ್ತಾ ಅಜ್ಜಿ ಕಣ್ಣಲ್ಲಿ ನೀರು ಬಂತು. ನನ್ನ ಹಿಂದಿ ಅಷ್ಟಕ್ಕಷ್ಟೆ ಆದ್ರೂ ಅದು ಅರ್ಥ ಆಗ್ದೇ ಇರೋ ಮಾತಲ್ಲ.

ಈಗ ನಂಗೆ ಗೊತ್ತಾಗ್ಬೇಕಾಗಿರೋದು ಇಷ್ಟು. ಲುಥೆರನ್ ಅಂದ್ರೆ ನಮ್ಗೂ ಅವರಿಗೂ ಏನ್ ವ್ಯತ್ಯಾಸ? ನಮ್ಮ ಸಭೆಗೆ ಕರ್ಕೊಂಡು ಬರ್ತೀನಿ ಅಂದಾಗ ಕಮಿಟಿಯ ಒಬ್ಬರು ಅವರು ಬೇರೆ ಸಭೆ, ಭೋಜನ ಕೊಡೋಕಾಗಲ್ಲ ಅಂದ್ರು, ಇನ್ನೊಂದು ಪ್ರಾರ್ಥನಾ ಮಂದಿರದವರು ಲೈನಿಗೇ ಬಂದು ಮಗು ಇದ್ದಾಗ ಆಗಿದ್ದು ದೀಕ್ಷಾಸ್ನಾನ ಅಲ್ಲ, ಹೊಳೇಲಿ ಮತ್ತೆ ತಗೋಬೇಕು ಅಂತ ಹೇಳಿ ಹೋಗಿದಾರೆ, ಅವರಿಗೆ ಗಾಬರಿ ಆಗ್ಬಿಟ್ಟಿದೆ. ಎರಡನೇದು ಮಕ್ಕಳದ್ದು, ಟಿಸಿ ಇಲ್ಲ, ಮೂರು ಮಕ್ಕಳಿಗೆ ಆಧಾರೂ ಇಲ್ಲ, ಸೇರಿಸ್ಕೊಳ್ಳೋಕೆ ಬರುತ್ತಾ? ಇನ್ನೊಂದು, ಕ್ರಿಶ್ಚಿಯನ್ ಅಂತ ಹೇಳ್ಕೊಂಡ್ರೆ ನಿಮ್ಮ ಎಸ್‌ಟಿ ಹೋಗುತ್ತೆ ಅಂತ ಯಾರೋ ಹೆದರಿಸಿದಾರೆ, ಅದಕ್ಕೇ ಅಪ್ಪ ಅಮ್ಮಂದಿರು ಶಾಲೆ ಫಾರಂ ತುಂಬೋಕೇ ಹಿಂದೇಟು ಹಾಕ್ತಿದಾರೆ. ದಯವಿಟ್ಟು ತಿಳಿದವರು ಹೇಳಿ.

ಬಲ್ಮಠದವ_ಈಗ_ಚಿಕ್ಮಗ್ಳೂರು:

ಟೀಚರೇ, ನಿಮ್ಮ ಪೋಸ್ಟ್ ಓದಿ ಖುಷಿ ಆಯ್ತು, ಬೇಸರವೂ ಆಯ್ತು. ನಾನು ಮಂಗಳೂರಿನ ಬಾಸೆಲ್ ಮಿಷನ್ ಮನೆತನದವ, ಕೆಲಸ ಅಂತ ಘಟ್ಟ ಹತ್ತಿ ಹದಿನಾರು ವರ್ಷ ಆಯ್ತು. ಸಭೆ ವಿಷಯ ನಾನು ಹೇಳ್ತೇನೆ, ಉಳಿದದ್ದು ಗೊತ್ತಿದ್ದವರು ಹೇಳ್ಲಿ.

ಮೊದಲು ಕಮಿಟಿಯವರಿಗೆ ಒಂದು ವಿಷಯ ಹೇಳ್ಲಿಕ್ಕುಂಟು. ಇವರು ನಿನ್ನೆ ಮೊನ್ನೆ ಪ್ರಾರ್ಥನೆ ಕಲಿತವರಲ್ಲ ಮಾರಾಯ್ರೆ. ಬರ್ಲಿನ್‌ನ ಗೋಸ್ನರ್ ಮಿಷನ್‌ನಿಂದ ನಾಲ್ಕು ಜನ ರಾಂಚಿಗೆ ಬಂದದ್ದು 1845ರ ನವೆಂಬರ್‌ನಲ್ಲಿ. ಸುಮಾರು ನಾಲ್ಕೂವರೆ ವರ್ಷ ಊರಿನ ದೊಡ್ಡವರು ಒಬ್ಬರೂ ಸೇರ್ಲಿಲ್ಲ. 1850ರ ಜೂನ್‌ನಲ್ಲಿ ನಾಲ್ವರು ದೀಕ್ಷಾಸ್ನಾನ ತಗೊಂಡ್ರು, ಆ ನಾಲ್ವರೂ ಓರಾಂವರು, ನಿಮ್ಮ ಲೈನಿನ ಅಜ್ಜಿಯ ಜನವೇ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಶಿಬಿರಕ್ಕೆ ಹಾಕಿ ಆಮೇಲೆ ಊರಿಗೆ ಕಳಿಸಿದ್ರು, ಆಗ ಅಲ್ಲಿನ ಆದಿವಾಸಿ ಸಭೆಯವರು ಬೇರೆಯವರ ಕೈಕೆಳಗೆ ಹೋಗುದಿಲ್ಲ, ನಮ್ಮ ಸಭೆ ನಾವೇ ನಡೆಸ್ತೇವೆ ಅಂತ 1919ರ ಜುಲೈ 10ಕ್ಕೆ ಸ್ವತಂತ್ರ ಆದ್ರು. ನಮ್ಮ ಕಡೆಯೂ ಅದೇ ಯುದ್ಧದಲ್ಲಿ ಬಾಸೆಲ್ ಮಿಷನಿನ ಜರ್ಮನರನ್ನು ಕಳಿಸಿದ್ದು, ಹಂಚಿನ ಕಾರ್ಖಾನೆ ನೇಯ್ಗೆ ಕಾರ್ಖಾನೆ ಎಲ್ಲ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದದ್ದು. ನಮ್ಮ ಅಜ್ಜ ಆ ಕಾರ್ಖಾನೆಯ ಕಥೆ ಹೇಳ್ತಿದ್ರು, ರಾಂಚಿಯಲ್ಲೂ ಹಾಗೇ ಆಗಿತ್ತು ಅಂತ ನಾನು ಓದಿ ತಿಳಿದದ್ದು ತುಂಬ ತಡವಾಗಿ.

ವ್ಯತ್ಯಾಸ ಅಂದ್ರೆ, ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ, ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಎಲ್ಲ ಸೇರಿ. ಹಾಸನ ಚಿಕ್ಕಮಗಳೂರು ಕಡೆ ಹಳೇ ಸಭೆಗಳು ಹೆಚ್ಚಿನವು ವೆಸ್ಲಿಯನ್ ಮೆಥಡಿಸ್ಟರದ್ದು, ಹಾಸನದ ರೆಡ್‌ಫರ್ನ್ ಆಸ್ಪತ್ರೆ ಅವರು ಕಟ್ಟಿದ್ದೇ. ಬಾಸೆಲ್ ಮಿಷನಲ್ಲಿ ಲುಥೆರನ್ನರೂ ಇದ್ರು ರಿಫಾರ್ಮ್ಡ್ (ಕ್ಯಾಲ್ವಿನ್ ಬೋಧನೆಯ) ಕಡೆಯವರೂ ಇದ್ರು, ನಾವು ಸಿಎಸ್‌ಐಗೆ ಸೇರಿದೆವು. ಲುಥೆರನ್ ಸಭೆಗಳು ಸೇರ್ಲಿಲ್ಲ. ಬಿಷಪ್ ಪದ್ಧತಿ, ಭೋಜನದ ಬೋಧನೆ ಇಂಥದ್ರಲ್ಲಿ ಮೊದಲು ಒಂದು ಅಭಿಪ್ರಾಯಕ್ಕೆ ಬರುವ, ಆಮೇಲೆ ಒಂದಾಗುವ ಅಂತ ಅವರ ವಾದ. ಜಗಳ ಆಗಿ ದೂರ ಆದದ್ದಲ್ಲ, ಎರಡೂ ಕಡೆಯವರು ಕೂತು ವರ್ಷಗಟ್ಟಲೆ ಮಾತಾಡಿದ್ದಾರೆ. ಈಗ ಅವರ ಒಕ್ಕೂಟ ಯುಇಎಲ್‌ಸಿಐ ಅಂತ, ಆಫೀಸು ಚೆನ್ನೈಯಲ್ಲಿ, ಗೋಸ್ನರ್ ಸಭೆಯೂ ಅದರಲ್ಲಿ ಉಂಟು.

ಮತ್ತೆ ದೀಕ್ಷಾಸ್ನಾನ ತಗೊಳ್ಬೇಕು ಅಂತ ಹೇಳಿದ್ದಾರಲ್ಲ, ಅದನ್ನು ಖಂಡಿತ ಮಾಡಿಸ್ಬೇಡಿ. ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ನೀರಿನಿಂದ ಒಮ್ಮೆ ಆದ್ರೆ ಆಯ್ತು, ಲುಥೆರನ್ನರಲ್ಲೂ ನಮ್ಮಲ್ಲೂ ಅದೇ ಬೋಧನೆ. ಲುಥೆರನ್ನರಿಗೆ ಹೆಸರು ಬಂದದ್ದೇ ಯಾರಿಂದಲೋ ಆ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕ ಉಂಟು, ಆ ಅಜ್ಜಿಯನ್ನು ಕೇಳಿ ನೋಡಿ, ಹತ್ತು ಆಜ್ಞೆಗೆ ಒಂದೊಂದಕ್ಕೂ "ಇದರ ಅರ್ಥವೇನು" ಅಂತ ಬರ್ತದೆ, ಅವರಿಗೆ ಬಾಯಿಪಾಠ ಇದ್ದರೂ ಇರಬಹುದು. ಭೋಜನದ ವಿಷಯಕ್ಕೆ ಕಮಿಟಿಯನ್ನು ಕೇಳ್ಬೇಡಿ, ಸೀದಾ ಸಭಾಪಾಲಕರ ಹತ್ರ ಹೋಗಿ ಆ ಕಾರ್ಡ್ ತೋರಿಸಿ. ಬೇರೆ ಸಭೆಯಲ್ಲಿ ದೃಢೀಕರಣ (ದೊಡ್ಡವರಾದ ಮೇಲೆ ನಂಬಿಕೆ ಒಪ್ಪಿಕೊಳ್ಳುವ ವಿಧಿ, ಕನ್ಫರ್ಮೇಶನ್) ಆದವರು ಬಂದ್ರೆ ನಮ್ಮಲ್ಲಿ ಕೊಡ್ತಾರೆ, ನಾನೇ ಎಷ್ಟೋ ಸಲ ನೋಡಿದ್ದೇನೆ. ಲುಥೆರನ್ನರಲ್ಲೇ ಅಮೆರಿಕದ ಮಿಸೌರಿ ಮಿಷನ್ ಮೂಲದ ಸಭೆಯವರು ಈ ವಿಷಯದಲ್ಲಿ ಸ್ವಲ್ಪ ಬಿಗಿ, ಗೋಸ್ನರ್ ಸಭೆ ಆ ಪಂಗಡ ಅಲ್ಲ.

ಇನ್ನೊಂದು ಹೇಳದಿದ್ರೆ ನನಗೆ ನಿದ್ದೆ ಬರ್ಲಿಕ್ಕಿಲ್ಲ. ಓರಾಂವರ ಭಾಷೆ ಕುರುಖ್ ಅಂತ, ಅದು ದ್ರಾವಿಡ ಭಾಷೆ. ನಾನು ಅಂದ್ರೆ ಏನ್, ನೀನು ಅಂದ್ರೆ ನೀನ್, ಕಣ್ಣಿಗೆ ಖನ್, ಬರುವುದಕ್ಕೆ ಬರ್ನಾ. ಅವರ ಹಿರಿಯರು ಕರ್ನಾಟಕದ ಕಡೆಯಿಂದ ಬಂದವರು ಅಂತ ಅವರಲ್ಲಿ ಹೇಳಿಕೆ ಉಂಟು ಅಂತ ಬ್ರಿಟಿಷರ ಕಾಲದ ಭಾಷಾ ಸರ್ವೆಯಲ್ಲೇ ಬರೆದಿದ್ದಾರೆ. ನಮಗೆ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ರು, ಅವರಿಗೆ ಫರ್ಡಿನಾಂಡ್ ಹಾನ್ ಅಂತ ಗೋಸ್ನರ್ ಮಿಷನಿನವರು 1900ರಲ್ಲಿ ಕುರುಖ್ ವ್ಯಾಕರಣ ಬರೆದ್ರು. ಆ ಮಕ್ಕಳಿಗೆ ಕನ್ನಡ ಕಲಿಸುವಾಗ ಇದು ನಿಮಗೆ ಉಪಯೋಗಕ್ಕೆ ಬರ್ತದೆ.

ಹಾಸನ್_ವಕೀಲ:

ನೋಡಮ್ಮ, ನಾನು ಸಭೆಗಿಭೆ ವಿಷಯಕ್ಕೆ ಬರಕ್ಕಿಲ್ಲ, ಕಾಗದಪತ್ರದ್ದು ಹೇಳ್ತೀನಿ. ಶಾಲೆ ವಿಷಯದಲ್ಲಿ ಯೋಚ್ನೆ ಮಾಡೋ ಅಂಥದ್ದೇನೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಐತಲ್ಲ, ಅದರ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುನ ವಾಪಸ್ ಕಳಿಸಂಗಿಲ್ಲ, 5ನೇ ಸೆಕ್ಷನ್ ಪ್ರಕಾರ ಟಿಸಿ ತಡ ಆಯ್ತು ಅಂತ ಬೇಡ ಅನ್ನಂಗಿಲ್ಲ, 4ನೇ ಸೆಕ್ಷನ್ ಪ್ರಕಾರ ಹತ್ತು ವರ್ಷದ ಹುಡುಗ ಶಾಲೆ ಮುಖಾನೇ ನೋಡದೆ ಇದ್ರೂ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಆಧಾರ್ ಇಲ್ಲ ಅಂತ ಅಡ್ಮಿಶನ್ ನಿಲ್ಲಿಸಂಗಿಲ್ಲ ಅಂತ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಲ್ಲೇ ಹೇಳೈತೆ. ನಿಮ್ಮ ಎಚ್‌ಎಂ ಹೆದರೋದು ಆನ್‌ಲೈನಲ್ಲಿ ಎಂಟ್ರಿ ತಗೊಳಲ್ಲ ಅಂತ ಇರಬೇಕು. ಮೊದಲು ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆದು ಮಗುನ ಕೂರಿಸ್ಲಿ, ಬಿಸಿಯೂಟ ಕೊಡ್ಲಿ, ಎಂಟ್ರಿ ತೊಂದರೆ ಏನಿದ್ರೂ ಸಿಆರ್‌ಪಿಗೆ (ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಬರವಣಿಗೇಲಿ ಕೊಡ್ಲಿ. ಬಾಯಿಮಾತಲ್ಲಿ ಬಿಡಬೇಡಿ ಕಣಮ್ಮ, ಒಂದು ಅರ್ಜಿ ಬರೆದು ಸೀಲ್ ಹಾಕಿಸ್ಕೊಳ್ಳಿ.

ಎಸ್‌ಟಿ ವಿಷಯ ಸ್ವಲ್ಪ ನಿಧಾನವಾಗಿ ಓದ್ಕಳಿ, ಇದರಲ್ಲಿ ಓದಿದವರೇ ತಪ್ಪು ಮಾಡ್ತಾರೆ. 1950ರಲ್ಲಿ ಎರಡು ಆದೇಶ ಬಂದ್ವು, ಒಂದು ಎಸ್‌ಸಿಗೆ ಒಂದು ಎಸ್‌ಟಿಗೆ. ಎಸ್‌ಸಿ ಆದೇಶದಲ್ಲಿ ಮೂರನೇ ಪ್ಯಾರಾ ಅಂತ ಒಂದೈತೆ, ಹಿಂದೂ ಧರ್ಮದವರಿಗೆ ಮಾತ್ರ ಅಂತ, ಆಮೇಲೆ 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇವತ್ತಿಗೂ ಹೊರಗೇ. ಎಸ್‌ಟಿ ಆದೇಶದಲ್ಲಿ ಆ ಥರ ಧರ್ಮದ ಪ್ಯಾರಾನೇ ಇಲ್ಲ. ಓರಾಂವರು ಕ್ರಿಶ್ಚಿಯನ್ ಆಗಿದ್ರೂ ಜಾರ್ಖಂಡಲ್ಲಿ ಎಸ್‌ಟಿನೇ. ಮತಾಂತರ ಆದವರನ್ನ ಎಸ್‌ಟಿ ಪಟ್ಟಿಯಿಂದ ತೆಗೀಬೇಕು ಅಂತ, ಡಿಲಿಸ್ಟಿಂಗ್ ಅಂತಾರೆ, ಒಂದು ಬೇಡಿಕೆ ನಡೀತಾ ಐತೆ, ಅದು ಬೇಡಿಕೆ ಅಷ್ಟೇ. ಅದನ್ನ ಕೇಳಿ ಯಾರೋ ಇವರಿಗೆ ಹೆದರಿಸವ್ರೆ. ಫಾರಮ್ಮಲ್ಲಿ ಧರ್ಮ ಇದ್ದಂಗೆ ಬರೀಲಿ, ಸುಳ್ಳು ಬರೆದ್ರೆನೇ ಮುಂದೆ ತೊಂದರೆ.

ಆದ್ರೆ ಒಂದು ಕಹಿ ವಿಷಯ ಮುಚ್ಚಿಡಕ್ಕಾಗಲ್ಲ. ಎಸ್‌ಟಿ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಲ್ಲಿ ಎಸ್‌ಟಿ ಅಂತ ಇಲ್ಲಿಗೆ ಬಂದ್ರೆ ಕರ್ನಾಟಕ ಸರ್ಕಾರದ ಮೀಸಲಾತಿ ಸಿಗಲ್ಲ, 1990ರಲ್ಲೇ ಸುಪ್ರೀಂ ಕೋರ್ಟು ತೀರ್ಮಾನ ಮಾಡಿದ್ದು. ಕೇಂದ್ರ ಸರ್ಕಾರದ ಕೆಲಸಕ್ಕೆ, ಕೇಂದ್ರದ ಕಾಲೇಜಿಗೆ ಅವರೂರಿನ ಸರ್ಟಿಫಿಕೇಟ್ ನಡೀತದೆ. ಅದಕ್ಕೇ ಊರಿಗೆ ಹೋದಾಗ ಅಪ್ಪನ ಜಾತಿ ಪ್ರಮಾಣಪತ್ರ ತಂದು ಭದ್ರ ಮಾಡ್ಕಳಕ್ಕೆ ಹೇಳಿ. ಅಸ್ಸಾಂ ಟೀ ತೋಟದಿಂದ ಬಂದ ಓರಾಂವ್, ಮುಂಡಾ ಜನಾನೂ ನಮ್ಮ ಸಕಲೇಶಪುರ ಕಡೆ ಅವ್ರೆ, ಅವರಿಗೆ ಅಸ್ಸಾಮಲ್ಲೇ ಎಸ್‌ಟಿ ಇಲ್ಲ. ಒಂದೇ ಕುಲ, ನೂರೈವತ್ತು ವರ್ಷದ ಹಿಂದೆ ತಾತನ್ನ ಟೀ ತೋಟಕ್ಕೆ ಸಾಗಿಸಿದ್ರು ಅನ್ನೋ ಕಾರಣಕ್ಕೆ ಮೊಮ್ಮಗನ ಹಕ್ಕು ಹೋಯ್ತು. ಇದನ್ನ ನಾನು ಎಷ್ಟು ಜನಕ್ಕೆ ಹೇಳಿದೀನೋ, ಪ್ರತಿ ಸಲ ಹೇಳುವಾಗಲೂ ಹೊಟ್ಟೆ ಉರೀತದೆ.

ಸಭೆಗಳು ಈ ವಿಷಯದಲ್ಲಿ ಸುಮ್ನೆ ಕೂತಿಲ್ಲ ಅಂತಾನೂ ಹೇಳ್ಬೇಕು. ಆ ಮೂರನೇ ಪ್ಯಾರಾ ತೆಗೀರಿ ಅಂತ ಕ್ಯಾಥೊಲಿಕ್ಕರು, ಲುಥೆರನ್ನರು, ಸಿಎಸ್‌ಐಯವರು ಎಲ್ಲ ಸೇರಿ ಆಗಸ್ಟ್ 10ನ್ನ ಕಪ್ಪು ದಿನ ಅಂತ ಆಚರಿಸ್ತಾರೆ, ಆದೇಶ ಬಂದ ತಾರೀಕು ಅದು. ರಂಗನಾಥ್ ಮಿಶ್ರಾ ಆಯೋಗ 2007ರಲ್ಲಿ ತೆಗೀಬೇಕು ಅಂತಾನೇ ವರದಿ ಕೊಡ್ತು. 2022ರಲ್ಲಿ ಬಾಲಕೃಷ್ಣನ್ ಅವರ ಆಯೋಗ ಅಂತ ಇನ್ನೊಂದು ಮಾಡಿದ್ರು. ನಮ್ಮ ರಾಜ್ಯದ ಹಿಂದುಳಿದ ವರ್ಗದ ಪಟ್ಟೀಲಿ ಎಸ್‌ಸಿಯಿಂದ ಕ್ರೈಸ್ತರಾದವರಿಗೆ ಪ್ರವರ್ಗ 1 ಐತೆ, ಬೇರೆ ಕ್ರೈಸ್ತರಿಗೆ 3ಬಿ. ನಿಮ್ಮ ಸಭೇಲೇ ಇದು ಗೊತ್ತಿಲ್ದೆ 3ಬಿ ಬರೆಸ್ಕೊಂಡಿರೋ ಮಕ್ಕಳಿರ್ತಾರೆ, ವಿಚಾರಿಸಿ ನೋಡಿ.

ಮೂಡಿಗೆರೆ_ಟೀಚರ್:

ವಕೀಲರೇ, ಬಲ್ಮಠದ ಅಣ್ಣ, ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಅರ್ಜಿ ಬರೆದು ಕೊಟ್ಟೆ, ಎಚ್‌ಎಂ ಓದಿ ಸರಿ ಸೋಮವಾರದಿಂದ ಕಳ್ಸಿ ಅಂದ್ರು, ಅವರೇನು ಕೆಟ್ಟವರಲ್ಲ, ಮೇಲಿನೋರು ಕೇಳಿದ್ರೆ ಏನ್ ಹೇಳೋದು ಅನ್ನೋ ಭಯ ಅಷ್ಟೇ. 3ಬಿ ವಿಷಯ ಕೇಳಿ ನಂಗೆ ಶಾಕ್ ಆಯ್ತು, ನಮ್ಮ ಸಂಡೇ ಸ್ಕೂಲಲ್ಲೇ ವಿಚಾರಿಸ್ತೀನಿ. ಇನ್ನೊಂದು ಭಯ ಇದೆ, ನಾನು ಲೈನಿಗೆ ಹೋಗಿ ಬರೋದು ನೋಡಿ ಟೀಚರ್ ಮತಾಂತರ ಮಾಡ್ತಿದಾಳೆ ಅಂತ ಮಾತು ಹುಟ್ಟಿದ್ರೆ? ತೋಟದ ಸಾವ್ಕಾರ್ರಿಗೆ ಏನಂತ ಹೇಳ್ಲಿ?

ಹೆತ್ತೂರು_ರೊಬಸ್ಟಾ:

ಟೀಚರ್, ನಾನು ಪ್ಲಾಂಟರ್, ನಿಮ್ಮ ಧರ್ಮದವನಲ್ಲ, ಆದ್ರೂ ಈ ಥ್ರೆಡ್ ಓದ್ತಾ ಹೇಳ್ಬೇಕು ಅನ್ನಿಸ್ತು. ನಮ್ಮ ತೋಟದಲ್ಲೂ ಜಾರ್ಖಂಡಿನವರು ಇದಾರೆ, ಅವರಿಲ್ದೆ ಈಗ ಹಣ್ಣು ಕೊಯ್ಯೋರೇ ಇಲ್ಲ, ಇದು ಎಲ್ಲ ತೋಟದವರಿಗೂ ಗೊತ್ತು. ಸಾವ್ಕಾರ್ರ ಹತ್ರ ಮುಚ್ಚುಮರೆ ಬೇಡ, ಸೀದಾ ಹೋಗಿ ಈ ಜನ ಅವರೂರಲ್ಲೇ ಐದಾರು ತಲೆಮಾರಿಂದ ಕ್ರಿಶ್ಚಿಯನ್ನರು, ಕಾರ್ಡ್ ಇಲ್ಲಿದೆ, ವಾರಕ್ಕೊಂದು ಗಂಟೆ ಒಂದು ಜಾಗ ಕೊಡಿ ಅಂತ ಕೇಳಿ. ಮೊದಲಿಂದ ಕ್ರಿಶ್ಚಿಯನ್ ಆಗಿರೋರು ಅವರ ದೇವರ ಪ್ರಾರ್ಥನೆ ಮಾಡೋದು ಮತಾಂತರ ಹೇಗಾಗುತ್ತೆ. ನಾನು ನಮ್ಮ ಕಣದ ಪಕ್ಕದ ಗೋಡೌನ್ ಬಿಟ್ಟುಕೊಟ್ಟಿದೀನಿ, ಕೊಯ್ಲಿಗೆ ಮುಂಚೆ ಖಾಲಿನೇ ಇರುತ್ತೆ. ಆದ್ರೆ ಶಾಲೆ ವಿಷಯಕ್ಕೆ ಹೋದ ದಿನ ಪ್ರಾರ್ಥನೆ ವಿಷಯ ಎತ್ಬೇಡಿ, ಪ್ರಾರ್ಥನೆಗೆ ಹೋದ ದಿನ ಸಭೆಯವರ ಜೊತೆ ಹೋಗಿ, ಎರಡನ್ನೂ ಬೇರೆ ಇಟ್ಕೊಂಡ್ರೆ ಯಾರೂ ನಿಮ್ಮ ಮೇಲೆ ಬೆರಳು ತೋರಿಸಲ್ಲ.

ನಾನು ತಿಳಿಯದೆ ಮಾಡಿದ ಒಂದು ತಪ್ಪು ಹೇಳ್ತೀನಿ. ತೋಟದಲ್ಲಿ ವಾರದ ರಜೆ ಭಾನುವಾರ ಅಲ್ಲ, ಸಂತೆ ದಿನ, ಹಿಂದಿನ ದಿನ ಬಟವಾಡೆ. ಅವರಿಗೆ ಭಾನುವಾರ ಅನ್ನೋದೇ ಇಲ್ದಂಗೆ ಆಗಿತ್ತು, ಬಾಯಿಬಿಟ್ಟು ಕೇಳೋ ಜನ ಅಲ್ಲ ಅವರು. ಕ್ರಿಸ್‌ಮಸ್ ಬರೋದು ಅರೇಬಿಕಾ ಕೊಯ್ಲಿನ ಮಧ್ಯ, ಒಂದಿನ ಬಿಟ್ರೆ ಹಣ್ಣು ಉದುರುತ್ತೆ ಅಂತ ಮೊದಲ ವರ್ಷ ಆ ದಿನಾನೂ ಕೆಲಸ ಮಾಡಿಸಿದ್ದೆ. ಸಂಜೆ ಲೈನಿನ ಕಡೆ ಹೋದ್ರೆ ಕತ್ತಲಲ್ಲಿ ಮೇಣದ ಬತ್ತಿ ಹಚ್ಕೊಂಡು ಕೂತಿದ್ರು, ಮಕ್ಕಳಿಗೆ ಹೊಸ ಬಟ್ಟೆ ಹಾಕಿದ್ರು. ನಮ್ಮನೇಲಿ ದೀಪಾವಳಿ ದಿನ ನನ್ನ ಯಾರಾದ್ರೂ ಕೆಲಸಕ್ಕೆ ಕರೆದಿದ್ರೆ ಅಂತ ಅನ್ನಿಸಿ ಬಹಳ ನೊಂದ್ಕೊಂಡೆ. ಈಗ ಡಿಸೆಂಬರ್ 25 ಸಂಬಳ ಸಮೇತ ರಜೆ, ಭಾನುವಾರ ಅರ್ಧ ದಿನ.

ಮಕ್ಕಳ ವಿಷಯಕ್ಕೆ, 1951ರ ಪ್ಲಾಂಟೇಶನ್ ಲೇಬರ್ ಆಕ್ಟಲ್ಲೇ 50 ಹೆಣ್ಣಾಳು ಇದ್ರೆ ಕೂಸಿನ ಮನೆ ಮಾಡ್ಬೇಕು, 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಜಾಸ್ತಿ ಇದ್ರೆ ಓದಿಗೆ ವ್ಯವಸ್ಥೆ ಮಾಡ್ಬೇಕು ಅಂತ ಇಟ್ಟಿದ್ರು. ಸಣ್ಣ ತೋಟಕ್ಕೆ ಅಷ್ಟು ಆಳು ಇರಲ್ಲ. ಹಂಗಾಗಿ ದೊಡ್ಡ ಮಗು ಸಣ್ಣ ಮಗುನ ನೋಡ್ಕೊಂಡು ಲೈನಲ್ಲೇ ಉಳಿಯುತ್ತೆ, ನಿಮ್ಮ ಒಂಬತ್ತರಲ್ಲಿ ಏಳು ಯಾಕ್ ಬರ್ತಿಲ್ಲ ಅನ್ನೋದಕ್ಕೆ ಅರ್ಧ ಕಾರಣ ಇದೇ ಇರುತ್ತೆ. ಸಣ್ಣದನ್ನ ಅಂಗನವಾಡಿಗೆ ಸೇರಿಸಿ, ದೊಡ್ಡದು ತಾನಾಗೇ ಶಾಲೆಗೆ ಬರುತ್ತೆ. ಅವರ ಜಾರ್ಖಂಡ್ ರೇಶನ್ ಕಾರ್ಡಲ್ಲೂ ಇಲ್ಲೇ ಅಕ್ಕಿ ಎತ್ತಬಹುದು, ಒಂದು ದೇಶ ಒಂದು ರೇಶನ್ ಕಾರ್ಡ್ ಅಂತ ಇದೆಯಲ್ಲ, ಮೇಸ್ತ್ರಿಗಳು ಇದನ್ನ ಹೇಳೋದೇ ಇಲ್ಲ.

ಚಾಂಪಿಯನ್‌ರೀಫ್_ಹುಡುಗಿ:

ಅಕ್ಕಾ, ನಾನು ಹಾಸನದಲ್ಲಿರೋದು, ಹುಟ್ಟಿದ್ದು ಕೆಜಿಎಫ್, ನಮ್ಮದು ತಮಿಳು ಲುಥೆರನ್ ಮನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅಪ್ಪ ಕೆಲಸ ಹುಡುಕ್ಕೊಂಡು ಈ ಕಡೆ ಬಂದ್ರು. ಇಲ್ಲಿ ಸಿಎಸ್‌ಐ ಸಭೇಲಿ ನಮ್ಮನ್ನ ಚೆನ್ನಾಗೇ ಸೇರಿಸ್ಕೊಂಡ್ರು, ಒಂದು ಮಾತು ಹೆಚ್ಚುಕಮ್ಮಿ ಆಡಲಿಲ್ಲ, ಅಮ್ಮ ಮಹಿಳಾ ಕೂಟದಲ್ಲೂ ಇದ್ರು. ಆದ್ರೆ ಹತ್ತು ವರ್ಷದಲ್ಲಿ ನಮ್ಮ ಹಾಡು ನಮ್ಮ ಬಾಯಿಂದ ಹೋಯ್ತು. ಅಕ್ಟೋಬರ್ 31 ಹತ್ರ ಬಂದ್ರೆ ನಮ್ಮ ಸಭೇಲಿ ಸುಧಾರಣಾ ಹಬ್ಬ ಮಾಡ್ತಿದ್ವಿ, ಲೂಥರ್ 1517ರಲ್ಲಿ 95 ವಾಕ್ಯ ಬರೆದ ದಿನ, ಇಲ್ಲಿ ಅದು ಯಾರಿಗೂ ನೆನಪೇ ಇರ್ತಿರಲಿಲ್ಲ. ಅಮ್ಮ ಕೊನೇ ದಿನಗಳಲ್ಲಿ ಆಸ್ಪತ್ರೇಲಿ ಒಂದು ಹಾಡು ಹಾಡೋಕೆ ಹೋಗಿ ಮಧ್ಯದಲ್ಲಿ ಸಾಲು ಮರೆತು ನನ್ನ ಮುಖ ನೋಡಿದ್ರು, ನಂಗೂ ಬರ್ತಿರಲಿಲ್ಲ.

ಅದಕ್ಕೇ ಕೇಳ್ಕೊತೀನಿ, ಅವರನ್ನ ನಿಮ್ಮ ಸಭೆಗೆ ಕರ್ಕೊಂಡು ಹೋಗಿ ಹಿಂದಿನ ಬೆಂಚಲ್ಲಿ ಕೂರಿಸಿ ಕನ್ನಡ ಆರಾಧನೆ ಕೇಳಿಸಿ ಕಳಿಸ್ಬೇಡಿ. ಒಂದು ಹಾಡು ಅವರೇ ಹಾಡ್ಲಿ, ಅವರ ಪುಸ್ತಕದಿಂದ. ಲೈನಲ್ಲಿ ನಡೆಸೋ ಪ್ರಾರ್ಥನೆ ನಿಲ್ಲಿಸೋಕೆ ಬಿಡ್ಬೇಡಿ. ಮತ್ತೆ ಅವರೂರ ಸಭೆಗೆ ಒಂದು ಪತ್ರ ಬರೀರಿ, ಇಂಥಿಂಥವರು ಇಲ್ಲಿದಾರೆ, ಕ್ಷೇಮ ಅಂತ, ಕಾರ್ಡಲ್ಲಿ ಸಭೆ ಹೆಸರು ಇದ್ದೇ ಇರುತ್ತೆ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿದ್ರೆ ದೃಢೀಕರಣ ಎಲ್ಲಿ ಅನ್ನೋದನ್ನ ಅವರ ಪಾದ್ರಿನೇ ಹೇಳ್ಲಿ.

ಮೂಡಿಗೆರೆ_ಟೀಚರ್:

ಏನೇನಾಯ್ತು ಅಂತ ಹೇಳೋಣ ಅಂತ ಬಂದೆ. ಒಂಬತ್ತರಲ್ಲಿ ಏಳು ಮಕ್ಕಳು ಶಾಲೆಲಿದಾವೆ, ಎರಡು ಅಂಗನವಾಡಿಗೆ ಹೋಗ್ತಿದಾವೆ, ಹೆತ್ತೂರಿನ ಸರ್ ಹೇಳಿದ್ದು ಸರಿಯಾಗೇ ಇತ್ತು. ನಲಿಕಲಿ ಕ್ಲಾಸಲ್ಲಿ ಒಂದು ಹುಡುಗ ಎರಡು ವಾರ ಬಾಯೇ ಬಿಟ್ಟಿರಲಿಲ್ಲ. ಮೊನ್ನೆ ಕಣ್ಣಿನ ಚಿತ್ರದ ಕಾರ್ಡ್ ಹಿಡಿದು ಕಣ್ಣು ಅಂದೆ, ಅವನು ತನ್ನ ಕಣ್ಣಿನ ಮೇಲೆ ಬೆರಳಿಟ್ಟು "ಖನ್" ಅಂದ. ನಾನು ಅವನ ಕಡೆ ಕೈ ತೋರಿಸಿ ನೀನು ಅಂದೆ, "ನೀನ್" ಅಂತ ನನ್ನ ಕಡೆ ತೋರಿಸಿ ನಕ್ಕ, ಪಕ್ಕದ ಮಕ್ಕಳೆಲ್ಲ ಓ ಇವನಿಗೆ ಕನ್ನಡ ಬರುತ್ತೆ ಅಂತ ಕೂಗಿದ್ವು. ಅವತ್ತಿಂದ ಮಾತು ಶುರು ಆಗಿದೆ.

ಸಭಾಪಾಲಕರು ಕಾರ್ಡ್ ನೋಡಿ ಎರಡೇ ಮಾತಲ್ಲಿ ಕರ್ಕೊಂಡು ಬನ್ನಿ ಅಂದ್ರು. ಹೋದ ಭಾನುವಾರ ಸಾವ್ಕಾರ್ರು ಪಿಕಪ್ ಕಳಿಸಿದ್ರು, ಹದಿನೇಳು ಜನ ಬಂದ್ರು. ಕಾಣಿಕೆ ಹೊತ್ತಲ್ಲಿ ಅವರು ಎದ್ದು ಹಾಡಿದ್ರು, ಅಜ್ಜಿ ಪುಸ್ತಕ ತೆರೆದೇ ಇರಲಿಲ್ಲ, ಸುಮ್ನೆ ಎದೆಗೆ ಒತ್ತಿ ಹಿಡ್ಕೊಂಡಿತ್ತು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಭೋಜನಕ್ಕೆ ಮೊಣಕಾಲೂರಿದಾಗ ಪಕ್ಕದಲ್ಲಿ ಇದ್ದಿದ್ದು ಮೊದಲು ಬೇಡ ಅಂದಿದ್ರಲ್ಲ ಆ ಕಮಿಟಿಯವರೇ. ಆಮೇಲೆ ಹೊರಗೆ ಕಾಫಿ ಕೊಡುವಾಗ ಅವರು ನನ್ನ ಹತ್ರ ಬಂದು ಆ ಅಮ್ಮ ಹೇಳೋ ನಮಸ್ಕಾರ ಏನದು, ನಂಗೂ ಹೇಳ್ಕೊಡಿ ಟೀಚರ್ ಅಂದ್ರು. ಗುಮ್ಲಾಕ್ಕೆ ಪತ್ರ ಹಿಂದೀಲಿ ಬರೆಯೋರು ಯಾರಾದ್ರೂ ಇದ್ರೆ ಹೇಳಿ, ನಾನು ಬರೆದಿದ್ದು ಕಳಿಸೋ ಹಾಗಿಲ್ಲ, ತುಂಬ ತಪ್ಪಿದೆ.